ಅಡ್ಡಹೆಸರು ಕೇಳುವ ಅಕ್ಕ

ಎರಡು ಸಾವಿರದ ಒಂಬತ್ತನೆಯ ಇಸವಿಯ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ ನವನಗರದ ಒಂದು ಸಭಾಭವನ. ಹಾಜರಿದ್ದವರು ಒಬ್ಬ ಡಾಕ್ಟರು, ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಸಾಲಾಗಿ ಜೋಡಿಸಿದ ಖಾಲಿ ಕುರ್ಚಿಗಳು, ಅವನ್ನು ಜೋಡಿಸಿದ ನಾನು. ಮತ್ತು, ಬರಬೇಡವೆಂದು ಹೇಳಿದ್ದರೂ, ನಮ್ಮ ಅಕ್ಕ.

ತನಗೆ ಬಳಗವಲ್ಲದ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಅಕ್ಕನ ನಂಬಿಕೆ. ನಾವಿರುವ ಮಾಳಮಡ್ಡಿಯಿಂದ ಹುಬ್ಬಳ್ಳಿಗೆ ಬಸ್ಸು ಹತ್ತಿದರೆ ಪಕ್ಕದವರ ಊರು, ಅಡ್ಡಹೆಸರು, ತಾಯಿಯ ತವರು ಎಲ್ಲವನ್ನೂ ಕೇಳುತ್ತಾಳೆ. ನವನಗರ ಬರುವಷ್ಟರಲ್ಲಿ ಅವರು ನಮ್ಮ ಸೋದರತ್ತೆಯ ನಾದಿನಿಯ ಬೀಗರು! ಒಮ್ಮೆ ಕಂಡಕ್ಟರನಿಗೇ, "ನಿಮ್ಮವ್ವ ಅಣ್ಣಿಗೇರಿಯಾಕಿ ಹೌದಲ್ಲೊ? ಹಂಗಾದ್ರ ನೀ ನನಗ ಅಳಿಯಾ ಆಗಬೇಕು ನೋಡು" ಎಂದಳು.

"ಅಳಿಯಾ ಆದ್ರೂ ತಿಕೀಟ ತಗೋಬೇಕರೀ, ಅತ್ತಿ."

ಬಸ್ಸೆಲ್ಲ ನಕ್ಕಿತು. ಸಾಲು ತಪ್ಪಿದರೆ ಅಂಗೈಗೆ ಛಡಿ ಬೀಳುತ್ತಿದ್ದ ಶಾಲೆಯಲ್ಲಿ ಕಲಿತವನು ನಾನು. ನಾಚಿಕೆಯಿಂದ ಎಲ್ಲಿ ಮುಖ ಇಡಲಿ? ಅಂದಿನಿಂದ ಅಕ್ಕ ಮುಂದಿನ ಸೀಟು, ನಾನು ಹಿಂದಿನದು.

ಆ ಭಾನುವಾರ ಅಸ್ಥಿಮಜ್ಜೆ ದಾನದ ಜಾಗೃತಿ ದಿನ. ಮಗುವಿನ ಮೂಳೆಯೊಳಗೆ ಒಳ್ಳೆಯ ರಕ್ತ ಹುಟ್ಟುವುದೇ ನಿಂತಿತ್ತು. ಬೇರೆ ಯಾರದಾದರೂ ಮಜ್ಜೆ ಹೊಂದಿದರೆ ಬದುಕೀತು. ಮನೆಯವರಲ್ಲಿ ಯಾರದೂ ಹೊಂದಿರಲಿಲ್ಲ. ಹೆಸರು ಕೊಟ್ಟವರ ಕೆನ್ನೆಯೊಳಗೆ ಹತ್ತಿಯ ಕಡ್ಡಿ ಆಡಿಸಿ ಮಾದರಿ ತೆಗೆಯುವುದಷ್ಟೇ ಅಂದಿನ ಕೆಲಸ. ಏರ್ಪಾಡೆಲ್ಲ ನನ್ನದು; ಅಚ್ಚುಕಟ್ಟಾಗಿ ಕರಪತ್ರ ಹಂಚಿದ್ದೆ. ಆದರೆ ಬೆನ್ನೆಲುಬು ಕೊರೆಯುತ್ತಾರೆಂಬ ಸುದ್ದಿ ಕರಪತ್ರಕ್ಕಿಂತ ಬೇಗ ಹಬ್ಬಿತ್ತು. ಒಬ್ಬರೂ ಬರಲಿಲ್ಲ.

ಅಕ್ಕ ಡಾಕ್ಟರ ಮುಂದೆ ಬಾಯಿ ತೆರೆದು ಕುಳಿತಳು.

"ನಿಮ್ಮ ವಯಸ್ಸು ದಾಟೇತ್ರಿ, ಅಮ್ಮಾರ."

ಅಕ್ಕ ಬಾಯಿ ಮುಚ್ಚಿ ತಾಯಿಯತ್ತ ತಿರುಗಿದಳು. "ಯಾವೂರವ್ವಾ ನೀ?"

"ಇಲ್ಲೇ ಹುಬ್ಬಳ್ಳಿ ಹತ್ರ, ಸುಳ್ಳ ಅಂತ ಹಳ್ಳಿರೀ."

"ಅಡ್ಡಹೆಸರು?"

"ಅಕ್ಕಾ, ಇದು ಬೀಗರ ಮನಿ ಅಲ್ಲ. ಸುಮ್ಮ ಕೂಡು" ಎಂದೆ.

ಅಕ್ಕ ಕೂಡಲಿಲ್ಲ. ಆಕೆಯ ಜೊತೆ ಪಿಸುಪಿಸು ಮಾತಾಡಿ, ಚಪ್ಪಲಿ ಮೆಟ್ಟಿ ಹೊರಟೇ ಹೋದಳು. ಸದ್ಯ, ಮನೆಗೆ ಹೋದಳೆಂದು ನನಗೆ ಸಮಾಧಾನವೇ ಆಯಿತು.

ಮಧ್ಯಾಹ್ನ ಬಾಗಿಲಲ್ಲಿ ಗದ್ದಲ. ಕಂಡಕ್ಟರ್ ಅಳಿಯ, ಅವನ ಜೊತೆಯ ಡ್ರೈವರುಗಳು, ಹಾಗೆಯೇ ಬಸ್ಸಿನಲ್ಲಿ ಬಳಗವಾಗಿದ್ದ ಹತ್ತಿ ವ್ಯಾಪಾರಿಯೊಬ್ಬ, ಅವನ ಹಮಾಲರು. ಅವರ ಹಿಂದೆ ಬೆವರೊರೆಸಿಕೊಳ್ಳುತ್ತ ಅಕ್ಕ.

"ಕೂಸು ನಮ್ಮದು ಅಂದ್ನಿ. ಬಂದ್ರು."

ವ್ಯಾಪಾರಿ ಕಡ್ಡಿಯನ್ನು ದಿಟ್ಟಿಸಿದ. "ಹುಟ್ಟಿದಾಗಿಂದ ಹತ್ತಿ ಮಾರೀನ್ರಿ. ಬಾಯಾಗ ಇಟ್ಟವರು ನೀವ ಮೊದಲು."

ಡಾಕ್ಟರು ಕೇಳಿದರು, "ಇವರೆಲ್ಲಾ ಕೂಸಿಗೆ ಏನಾಗಬೇಕ್ರಿ?"

ಅಕ್ಕ ಮೊದಲ ಸಲ ತಡವರಿಸಿದಳು. "ನನಗ ಅಡ್ಡಹೆಸರು ಕೇಳೂದಷ್ಟ ಗೊತ್ತರಿ. ಒಳಗಿನ ಬಳಗ ನೀವ ನೋಡಿ ಹೇಳ್ರಿ."

ನನ್ನ ಕುರ್ಚಿಗಳು ಸಾಲಲಿಲ್ಲ. ಜನ ಗೋಡೆಗೆ ಒರಗಿ ನಿಂತರು. ನಾನು ಅಕ್ಕನ ಮುಖ ನೋಡಲಾರದೆ ಹೆಸರು ಬರೆದುಕೊಳ್ಳುತ್ತ ಕುಳಿತೆ.

ಸಂಜೆ ಮಾದರಿಗಳ ಡಬ್ಬಿ ಹೋಯಿತು. ಯಾರದಾದರೂ ಹೊಂದೀತೋ ಇಲ್ಲವೋ, ತಿಳಿಯಲು ಕಾಯಬೇಕು. ಮಗು ಅಕ್ಕನ ತೊಡೆಯ ಮೇಲೆ ನಿದ್ದೆಹೋಗಿತ್ತು. ತಾಯಿಗೆ ಚಹಾ ಕೊಟ್ಟು, ಜನ್ಮದಲ್ಲಿ ಮೊದಲ ಸಲ ಕೇಳಿದೆ, "ನಿಮ್ಮ ಅಡ್ಡಹೆಸರು ಏನ್ರಿ?"

ಆಕೆ ನಕ್ಕಳು. "ಅದೆಲ್ಲಾ ಮುಂಜಾನೇನ ಆಗೇತ್ರಿ. ನೀವು ನನಗ ಕಾಕಾ ಆಗಬೇಕಂತ."

ಕೊನೆಯ ಕುರ್ಚಿಯನ್ನು ಒಳಗಿಟ್ಟು, ಬಾಗಿಲಿಗೆ ಬೀಗ ಹಾಕಿ, ಬಸ್ಸಿನಲ್ಲಿ ಅಕ್ಕನ ಪಕ್ಕದ ಸೀಟಿನಲ್ಲಿ ಕುಳಿತೆ.