ಪೂರ್ತಿ ಹಾಜರಿ

ಶಿವಕಾಂತಾ ಆನ್‌ಲೈನ್ ಪಾಠಕ್ಕೆ ಬರುವುದಿಲ್ಲ ಎಂದು ಬೆಳಿಗ್ಗೆಯೇ ಮಹೇಶಕುಮಾರನಿಗೆ ಸುದ್ದಿ ಬಂತು. ಅವಳ ತಾಯಿ ಸಾಬವ್ವನ ಮೊಬೈಲು ಸಿಮೆಂಟು ಕಲಸುವ ನೀರಿನಲ್ಲಿ ಬಿದ್ದಿತ್ತು.

ವಲಸೆ ಬಂದ ಕನ್ನಡ ಕೂಲಿಕಾರರ, ಶಾಲೆ ಬಿಡುವ ಅಂಚಿನಲ್ಲಿದ್ದ ಮಕ್ಕಳನ್ನು ಮೊಬೈಲಿನಲ್ಲಿ ಪಾಠ ಹೇಳಿ ಹಿಡಿದಿಡುವುದು ಪುಣೆಯ ಸಂಸ್ಥೆಯೊಂದರಲ್ಲಿ ಅವನ ಕೆಲಸ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವ ಕೆಲಸ. ಒಂದನ್ನು ಕೂರಿಸಿದರೆ ಇನ್ನೊಂದು ಹಾರುತ್ತದೆ. ಅಂದು ಮೇಲಧಿಕಾರಿ ಅಂಬಾ ಮೇಡಮ್ ತಾವೇ ತರಗತಿ ನೋಡುವವರಿದ್ದರು. ಒಂದು ಮಗು ತಪ್ಪಿದರೂ ನೌಕರಿ ಮರೆತುಬಿಡಿ ಎಂದು ಮೊದಲೇ ಹೇಳಿದ್ದರು.

ಸ್ಕೂಟರ್ ಹತ್ತಿ, ಸಾಬವ್ವ ಕೂಲಿ ಮಾಡುತ್ತಿದ್ದ ಕೊಂಢವಾ ಬಡಾವಣೆಯ ಕಟ್ಟಡದ ಕಾಮಗಾರಿಗೆ ಓಡಿದ. ಇಸ್ತ್ರಿ ಅಂಗಿ ಕಂಡದ್ದೇ ತಡ, ತಗಡಿನ ಶೆಡ್ಡುಗಳಿಂದ ಜನ ಆಧಾರ್ ಕಾರ್ಡು ಹಿಡಿದು ಹೊರಬಂದರು. ತಾನು ರೇಶನ್ನಿನವನಲ್ಲ ಎಂದು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಯಾವ ಊರು, ಯಾರ ಪೈಕಿ ಎಂದು ಸಾಬವ್ವನ ಪಕ್ಕದ ಶೆಡ್ಡಿನ ಹೊಳಬಸಪ್ಪ ವಿಚಾರಣೆ ಶುರುಮಾಡಿದ. ಧಾರವಾಡ ಎಂದ ಕೂಡಲೇ ಹೊಳಬಸಪ್ಪನ ಹೆಂಡತಿ ದುರ್ಗಾ ಚಹಕ್ಕೆ ಇಟ್ಟಳು.

ಶೆಡ್ಡಿನಲ್ಲಿ ನೆಟ್‌ವರ್ಕ್ ಇಲ್ಲ. ಮೂರನೆಯ ಮಹಡಿಯಲ್ಲಿ ಸಿಗುತ್ತದೆಂದು ಒಬ್ಬ, ನೀರಿನ ಟ್ಯಾಂಕಿನ ಮೇಲೆಂದು ಇನ್ನೊಬ್ಬ. ಎರಡನ್ನೂ ಹತ್ತಿಳಿದ ಮೇಲೆ ಅದು ಸಿಕ್ಕಿದ್ದು ಸಾಬವ್ವನ ಬಾಗಿಲೆದುರಿನ ಮರಳಿನ ಗುಡ್ಡೆಯಲ್ಲಿ. ಶಿವಕಾಂತಾಳನ್ನು ಅದರ ಮೇಲೆ ಕೂರಿಸಿ, ತನ್ನ ಮೊಬೈಲು ಕೊಟ್ಟು, ಅವಳ ಹೆಸರಿನಲ್ಲೇ ತರಗತಿಗೆ ಸೇರಿಸಿದ. ಒಂದೊಂದಾಗಿ ಮಕ್ಕಳ ಮುಖಗಳು ಮೂಡಿದವು. ಒಬ್ಬರೂ ತಪ್ಪಿರಲಿಲ್ಲ. ನೌಕರಿ ಉಳಿಯಿತೆಂದು ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಇನ್ನೇನ್ ಅವಸರ ಅದ ನಿಮಗ? ಉಂಡು ಹೋಗ್ರಿ" ಎಂದು ಸಾಬವ್ವ ರೊಟ್ಟಿ ಬಡಿಸಿದಳು.

ಅವಸರವೇನೂ ಇಲ್ಲವೆಂದು ಅವನಿಗೂ ಅನ್ನಿಸಿತು. ಶೇಂಗಾ ಚಟ್ನಿಗೆ ಮೊಸರು ಹಾಕಿಸಿಕೊಂಡು, ಬಾಗಿಲಿಗೊರಗಿ, ನೆಮ್ಮದಿಯಿಂದ ಉಣ್ಣತೊಡಗಿದ.

ಎರಡನೆಯ ರೊಟ್ಟಿ ಮುರಿಯುವಾಗ ಮೊಬೈಲಿನಿಂದ ಅಂಬಾ ಮೇಡಮ್ಮರ ದನಿ ಕೇಳಿಸಿತು. ಮಕ್ಕಳೆಲ್ಲ ಬಂದು ಎಷ್ಟೋ ಹೊತ್ತಾಯಿತು, ನಿಮ್ಮ ಮಾಸ್ತರರೆಲ್ಲಿ ಎಂದು ಕೇಳುತ್ತಿದ್ದರು.

ಪಾಠ ಮಾಡಬೇಕಾದವನು ತಾನೇ ಎಂಬುದು ಮಹೇಶಕುಮಾರನಿಗೆ ಆಗ ನೆನಪಾಯಿತು. ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಆದರೆ ಶಿವಕಾಂತಾಳಿಗೆ ಅಪರೂಪಕ್ಕೆ ಉತ್ತರ ಗೊತ್ತಿದ್ದ ಪ್ರಶ್ನೆ ಅದು.

"ಇಲ್ಲೇ ಅದಾರ್ರಿ ಮೇಡಮ್. ನಮ್ಮ ಬಾಗಲಾಗ ಕುಂತು ರೊಟ್ಟಿ ಉಣ್ಣಾಕತ್ತಾರ್ರಿ" ಎಂದು, ಸಾಕ್ಷಿಗೆ ಮೊಬೈಲನ್ನು ಅವನತ್ತ ತಿರುಗಿಸಿದಳು.

ತಾಟು ಕಂಡ ಮೇಡಮ್ ಹೇಳಿದರು: "ಮಕ್ಕಳು ಯಾರೂ ಸಾಲಿ ಬಿಟ್ಟಿಲ್ಲರಿ. ಬಿಟ್ಟವ್ರು ನೀವೊಬ್ರ. ನಿಧಾನಕ್ಕ ಉಣ್ರಿ, ನಾಳಿಂದ ನಿಮಗ ಬಿಡುವು ಅದ."

ನಿಧಾನಕ್ಕೆ ಉಣ್ಣಲು ಹೇಳಿದ್ದಷ್ಟೇ ಸಾಬವ್ವನ ಕಿವಿಗೆ ಬಿತ್ತು. ದೊಡ್ಡ ಮನಸ್ಸಿನ ಮೇಡಮ್ಮು ಎಂದುಕೊಂಡು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.