ಕತ್ತಲಲ್ಲಿ ಎಂಬತ್ತು

ನಾನು ಕಾರನ್ನು ಗಾಳಿಯ ವೇಗದಲ್ಲಿ ಓಡಿಸುತ್ತೇನೆಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. (ಯಾರೂ ಎಂದರೆ ಹೆಂಡತಿ. ಮನೆಯಲ್ಲಿರುವುದು ನಾವಿಬ್ಬರೇ.)

ಕಾರು ನಮ್ಮಪ್ಪನ ಕಾಲದ್ದು. ಹೊರಗೆ ಥಳಥಳ, ಆದರೆ ಒಂದು ತಿಂಗಳಿಂದ ಮೀಟರುಗಳ ದೀಪ ಮಾತ್ರ ಉರಿಯುತ್ತಿರಲಿಲ್ಲ. ಮೊನ್ನೆ ಅತ್ತೆಯ ಮನೆಯಿಂದ ಕತ್ತಲಲ್ಲಿ ಬರುವಾಗ, "ಎಂಬತ್ತರಲ್ಲಿದೀವಿ, ಗಟ್ಟಿಯಾಗಿ ಹಿಡ್ಕೋ" ಎಂದೆ.

"ಹೌದಾ? ಹಾಗಾದ್ರೆ ಈಗ ನಮ್ಮನ್ನ ದಾಟಿ ಹೋದ ಸೈಕಲ್ಲು ತೊಂಬತ್ತರಲ್ಲಿತ್ತಾ?"

"ಮೀಟರಿಗೆ ದೀಪ ಇದ್ದಿದ್ರೆ ತೋರಿಸ್ತಿದ್ದೆ!"

"ತೋರ್ಸಿ. ಎಂಬತ್ತು ಇದ್ರೆ ನಾನು ತೆಪ್ಪಗಿರ್ತೀನಿ. ಇಲ್ದಿದ್ರೆ ಇನ್ಮೇಲೆ ಸ್ಟೀರಿಂಗು ನನ್ನ ಕೈಗೆ."

ಅವಳ ಲೈಸೆನ್ಸು ಬೀರುವಿನಲ್ಲಿ ಮಡಚಿದ ಬಟ್ಟೆಗಳ ಅಡಿಯಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತಿತ್ತು. ಅದನ್ನು ಎಬ್ಬಿಸುವುದು ನನಗಿಷ್ಟವಿರಲಿಲ್ಲ. ಆದರೂ ಗಂಡಸಿನ ಮಾತು ನೋಡಿ, "ಆಗಲಿ" ಎಂದುಬಿಟ್ಟೆ. (ಹಗಲಲ್ಲೇ ನೋಡಬಹುದಲ್ಲ ಎನ್ನಬೇಡಿ. ಹಗಲಿನ ಟ್ರಾಫಿಕ್ಕಿನಲ್ಲಿ ಯಾರ ಮೀಟರಿನ ಮುಳ್ಳೂ ಏಳುವುದಿಲ್ಲ.)

ಭಾನುವಾರ, ಮೆಕ್ಯಾನಿಕ್ಕನ ಹಂಗೇ ಬೇಡವೆಂದು ಸಾರಿ, ಕಾಲು ಸೀಟಿನ ಮೇಲೆ, ತಲೆ ಸ್ಟೀರಿಂಗಿನ ಕೆಳಗೆ ಇಟ್ಟು ಮಲಗಿದೆ. ಫ್ಯೂಸು ಸರಿಯಿತ್ತು. ಬಲ್ಬು ಹೊಸದು ಹಾಕಿದರೂ ಉರಿಯಲಿಲ್ಲ. ವೈರುಗಳನ್ನು ಬಣ್ಣ ನೋಡಿ ಸೇರಿಸೋಣವೆಂದರೆ, ಎಲ್ಲಕ್ಕೂ ಧೂಳಿನ ಬಣ್ಣ. ಧೈರ್ಯವಾಗಿ ಎರಡನ್ನು ಅದಲುಬದಲು ಮಾಡಿ ಹಾರ್ನ್ ಒತ್ತಿದೆ. ವೈಪರು ಆಡಿತು. ಮತ್ತೆ ಮೊದಲಿದ್ದಂತೆಯೇ ಸೇರಿಸಿದೆ.

ಹೆಂಡತಿ ಚಹಾ ಹಿಡಿದು ಬಂದು ಇಣುಕಿದಳು. "ರೀ, ಹೋದ ತಿಂಗಳು ಮೀಟರು ಕೂರಿಸಿರೋ ಈ ತಗಡನ್ನ ಬಿಚ್ಚಿ ಹಿಂದೂ ಮುಂದೂ ಪೇಂಟ್ ಬಳಿದ್ರಲ್ಲ, ದೀಪ ಹೋಗಿದ್ದು ಆಮೇಲೇ ಅಲ್ವಾ?"

ನನಗೆ ಥಟ್ಟನೆ ಹೊಳೆಯಿತು. ಬಲ್ಬಿನ ಹೋಲ್ಡರು ಬರಿಯ ತಗಡನ್ನು ಮುಟ್ಟಿದರೆ ತಾನೇ ಕರೆಂಟಿಗೆ ವಾಪಸು ಹೋಗುವ ದಾರಿ! ಯಾರೂ ನೋಡದ ಹಿಂಬದಿಗೂ ಎರಡೆರಡು ಕೋಟು ಬಳಿದು ಆ ದಾರಿಯನ್ನು ಮುಚ್ಚಿದ ಮಹಾನುಭಾವ ನಾನೇ.

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎಂದು ಗಂಭೀರವಾಗಿ ಪೇಂಟ್ ಕೆರೆದೆ. ಮೀಟರುಗಳೆಲ್ಲ ಝಗ್ಗನೆ ಬೆಳಗಿದವು. ಕುಣಿದಾಡುವಷ್ಟು ಖುಷಿಯಾಯಿತು.

ಸಂಜೆ ಕತ್ತಲಾಗುತ್ತಿದ್ದಂತೆ ಊರಾಚೆ, ಅತ್ತೆಯ ಮನೆ ಕಡೆಯ ಅದೇ ಖಾಲಿ ರಸ್ತೆಗೆ ಹೊರಟೆವು. ಎಂದಿನ ಗಾಳಿವೇಗಕ್ಕೆ ಬಂದು, ಮೀಸೆ ತಿರುವಿ, "ನೋಡು" ಎಂದೆ.

ನೋಡಿದಳು. ನಾನೂ ನೋಡಿದೆ. ಮೂವತ್ತೆಂಟು.

"ಹಳೇ ಮುಳ್ಳು ಕಣೇ, ಪಾಪ. ಮೇಲಕ್ಕೆ ಏಳೋಕೆ ಕಷ್ಟಪಡುತ್ತೆ."

"ಇಳೀರಿ" ಎಂದಳು.

ಜಾಗ ಬದಲಾಯಿತು. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಹೊರಟಳು. ಮುಳ್ಳು ಐವತ್ತು ದಾಟಿತು, ಅರವತ್ತು ದಾಟಿತು. ಮೊನ್ನೆ ನಮ್ಮನ್ನು ದಾಟಿದ್ದ ಅದೇ ಸೈಕಲ್ಲಿನವನು ಹಿಂದೆ ಉಳಿದ. ನಾನು ಬಾಗಿಲ ಹಿಡಿ ಹಿಡಿದೆ.

"ನಿಮ್ಮ ಮುಳ್ಳಿಗೆ ಮಂಡಿನೋವು ಏನೂ ಇಲ್ಲ, ನೋಡಿ. ಎಂಬತ್ತು!"

"ಕಾಣ್ತಿದೆ! ಆ ದೀಪ ಒಂಚೂರು ಆರಿಸೇ!"

"ಇಡೀ ದಿನ ಕಷ್ಟಪಟ್ಟು ಹಾಕಿದೀರಿ, ಆರಿಸೋದಾ?"

ಅಂದಿನಿಂದ ಅವಳೇ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂರುತ್ತೇನೆ. ಮುಚ್ಚಿದ ಕಣ್ಣಿಗೂ ಆ ದೀಪದ ಬೆಳಕು ತಾಗುತ್ತದೆ. ಏನೇ ಹೇಳಿ, ನಾನು ಕೈ ಹಾಕಿದ ಕೆಲಸ ಹಾಗಿರುತ್ತದೆ.