ಇಬ್ಬರು ಕೂರುವ ಬೆಂಚು

ಸಿಮೆಂಟ್ ಬೆಂಚಿನ ಮೇಲೆ ಹೆಸರು ಬರೆಸುವಾಗ ಪಕ್ಕದಲ್ಲೇ ನಿಂತಿರಬೇಕು. ಹೇರಂಬ ನಿಂತಿರಲಿಲ್ಲ. ಜ್ವರ ಬಂದು ಎರಡು ದಿನ ಮನೆಯಲ್ಲಿ ಹೊದ್ದು ಮಲಗಿದ್ದ. ಅವನು ಮಾಡಿದ ತಪ್ಪು ಇಷ್ಟೇ.

ಬ್ಯಾಕೋಡಿನ ಹುಡುಗ, ಸಾಗರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಮೊದಲೆಲ್ಲ ನಡುವಿನ ಹಿನ್ನೀರಿಗೆ ಸೇತುವೆ ಇರಲಿಲ್ಲ, ಲಾಂಚಿನಲ್ಲೇ ದಾಟಬೇಕಿತ್ತು. ಪಾಠ ಮುಗಿಯುವ ಮೊದಲೇ "ಲಾಂಚ್ ತಪ್ಪುತ್ತೆ" ಎಂದು ಚೀಲ ಎತ್ತಿಕೊಂಡು ಓಡುವುದೇ ಆಯಿತು. ಹರಟೆ, ಸ್ನೇಹ ಎಲ್ಲ ಶುರುವಾಗುವುದೇ ಕ್ಲಾಸು ಬಿಟ್ಟ ಮೇಲೆ. ಅಷ್ಟು ಹೊತ್ತಿಗೆ ಇವನು ಹಿನ್ನೀರಿನ ನಡುಮಧ್ಯೆ ಇರುತ್ತಿದ್ದ. ಸೇತುವೆಯಾಗಿ ಬಸ್ಸುಗಳು ಓಡಾಡುವ ಹೊತ್ತಿಗೆ ಎಲ್ಲರ ಗುಂಪೂ ಭರ್ತಿಯಾಗಿತ್ತು. ಗೇಟಿನ ಪಕ್ಕದ ಮರದ ಬುಡದಲ್ಲಿ ಒಬ್ಬನೇ ಡಬ್ಬಿ ಬಿಚ್ಚುತ್ತಿದ್ದ. ಮೇಷ್ಟರುಗಳಿಗೂ ಅವನು ಬರೀ ನಲವತ್ತೇಳನೇ ನಂಬರು.

ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ವನಮಾಲಾ ಮೇಡಂ ಒಬ್ಬರೇ. ಎಳೆದುಕೊಂಡು ಹೋಗಿ ತಮ್ಮ ವಿದ್ಯಾರ್ಥಿ ನಾಯಕತ್ವ ಶಿಬಿರಕ್ಕೆ ಸೇರಿಸಿದರು. ಆರು ತಿಂಗಳು, ಪ್ರತಿ ಶನಿವಾರ, ಎದ್ದು ನಿಂತು ಗಟ್ಟಿಯಾಗಿ ತನ್ನ ಹೆಸರು ಹೇಳುವ ಅಭ್ಯಾಸ. ಆರು ತಿಂಗಳಾದರೂ ಹೇರಂಬನ ದನಿ ಎರಡನೇ ಸಾಲು ದಾಟಲಿಲ್ಲ.

"ಹೋಗೋ ಮುಂಚೆ ಪ್ರತಿಯೊಬ್ರೂ ಕಾಲೇಜಿಗೆ ಏನಾದ್ರೂ ಬಿಟ್ಟು ಹೋಗ್ಬೇಕು," ಎಂದರು ಮೇಡಂ ಕೊನೆಯಲ್ಲಿ. "ನೀವು ಹೋದ ಮೇಲೂ ಅದು ಇರ್ಬೇಕು."

ಬೇರೆಯವರು ಗಿಡ ನೆಟ್ಟರು, ಗೋಡೆ ಗಡಿಯಾರ ತಂದರು. ಹೇರಂಬ ಬೆಂಚು ಎಂದ. ಇಬ್ಬರೇ ಕೂರುವಂಥ ಬೆಂಚು, ಅದೇ ಮರದ ಕೆಳಗೆ. ಕಾಲೇಜು ಬಿಡುವುದರೊಳಗೆ ಒಬ್ಬರಾದರೂ ಪಕ್ಕದಲ್ಲಿ ಕೂತು, ನಿನ್ನ ಹೆಸರೇನು ಎಂದು ಕೇಳಬೇಕು ಅನ್ನುವುದು ಅವನ ಒಳಗಿನ ಆಸೆ. ಅದನ್ನು ಮೇಡಂಗೂ ಹೇಳಿರಲಿಲ್ಲ.

ಆನಂದಪುರದಲ್ಲಿ ಸಿಮೆಂಟ್ ಬೆಂಚು ಮಾಡುವ ಮಂಜಯ್ಯನಿಗೆ ಕೆಲಸ ವಹಿಸಿ, ಹೆಸರು, ತರಗತಿ, ಊರು ಬರೆದ ಚೀಟಿ ಕೊಟ್ಟು ಬಂದ. ಆಮೇಲೆ ಜ್ವರ.

ಮೂರನೆಯ ದಿನ ಶಿಬಿರದ ಸಮಾರೋಪ. ಬಸ್ಸಿಳಿದು ನೋಡಿದರೆ ಮರದ ಕೆಳಗೆ ಬೆಂಚು ಬಂದು ಕೂತಿದೆ. ಮೇಲೊಂದು ಸೇವಂತಿಗೆ ಹಾರ. ಹತ್ತಿರ ಹೋಗಿ ಓದಿದ: "ಹೇರಂಬ, ಅಂತಿಮ ಬಿ.ಎ., ಬ್ಯಾಕೋಡು – ಇವರ ಸ್ಮರಣಾರ್ಥ."

ಅಪ್ಪನ ಹಳೇ ಬಟನ್ ಫೋನಿನಿಂದ ಮಂಜಯ್ಯನಿಗೆ ಫೋನ್ ಮಾಡಿದ.

"ಬೆಂಚಿನ ಮೇಲೆ ಬದುಕಿರೋರ ಹೆಸರು ಯಾರು ಹಾಕಿಸ್ತಾರೆ ತಮಾ?" ಎಂದ ಮಂಜಯ್ಯ. "ಇಪ್ಪತ್ತು ವರ್ಷದಿಂದ ಬಸ್‌ಸ್ಟ್ಯಾಂಡಿಗೆ, ದೇವಸ್ಥಾನಕ್ಕೆ ಎಲ್ಲಾ ಹಿಂಗೇ ಮಾಡಿದ್ದು. ಸ್ಮರಣಾರ್ಥ ಅನ್ನೋದು ಅಚ್ಚಲ್ಲೇ ಅದೆ. ನಿಮ್ಮಣ್ಣ ಇರ್ಬೇಕು, ಪಾಪ ಸಣ್ಣ ವಯಸ್ಸು ಅಂತ ನಂಗೂ ಬೇಜಾರಾಯ್ತು."

"ನಾನೇ ಹೇರಂಬ. ಅದನ್ನ ಅಳಿಸೋಕೆ ಬರಲ್ವಾ?"

"ಅಳಿಸೋದೆಂಥದು? ನೂರು ವರ್ಷ ಆದ್ರೂ ಹೋಗಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಪ್ರಿನ್ಸಿಪಾಲ್ ಕಾಂತರಾಜ್ ಈ ಕಾಲೇಜಿಗೆ ವರ್ಗವಾಗಿ ಬಂದು ಮೂರು ತಿಂಗಳು. ಬೆಳಿಗ್ಗೆ ಬೆಂಚು ನೋಡಿ ಹೌಹಾರಿ ಹಾಜರಿ ಪುಸ್ತಕ ತರಿಸಿದ್ದರು. ನಲವತ್ತೇಳನೇ ನಂಬರು ಎರಡು ದಿನದಿಂದ ಗೈರು. ಇನ್ನೇನು ಬೇಕು? ಸಮಾರೋಪ ಹೋಗಿ ಶೋಕಸಭೆಯಾಯಿತು. ವನಮಾಲಾ ಮೇಡಂ ಇದ್ದಿದ್ದರೆ ಒಂದೇ ಮಾತಲ್ಲಿ ಮುಗಿಯುತ್ತಿತ್ತು. ಅವರು ಸರ್ಟಿಫಿಕೇಟ್ ಬರೆಸಲೆಂದು ಶಿಬಿರದವರ ಗುರುತಿನ ಚೀಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ಅತಿಥಿಯನ್ನು ಕರೆತರಲು ತೀರ್ಥಹಳ್ಳಿಗೆ ಹೋಗಿದ್ದರು. ಹೊಸನಗರದ ದಾರಿಯಲ್ಲಿ ಫೋನು ಸಿಗುವುದಿಲ್ಲ.

ಸಭಾಂಗಣದ ಹಿಂದಿನ ಗೋಡೆಗೆ ಒರಗಿ ಹೇರಂಬ ನಿಂತ. ವೇದಿಕೆಯ ಮೇಲೆ ಶಿಬಿರದ ನಾಯಕ ಮಯೂರ ಮಾತಾಡುತ್ತಿದ್ದ.

"ಹೇರಂಬ ಅಂದ್ರೆ ನಂಗೆ ಒಡಹುಟ್ಟಿದ ತಮ್ಮ ಇದ್ದ ಹಾಗೆ. ದಿನಾ ಒಂದೇ ಡಬ್ಬೀಲಿ ಊಟ ಮಾಡ್ತಿದ್ವಿ. ಅವನ ಜಾಗ ಯಾರೂ ತುಂಬೋಕಾಗಲ್ಲ."

ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಂಡರು. ಇಂಥ ಗೆಳೆಯನನ್ನು ಬಿಟ್ಟು ಹೋದನಲ್ಲ ಎಂದು ಒಂದು ಗಳಿಗೆ ಹೇರಂಬನಿಗೇ ಅನ್ನಿಸಿತು. ಎಲ್ಲರ ಜೊತೆ ತಾನೂ ತಲೆತಗ್ಗಿಸಿ ಒಂದು ನಿಮಿಷ ಮೌನ ಆಚರಿಸಿದ.

"ಮೃತರ ಗೌರವಾರ್ಥ ಇವತ್ತು ಮಧ್ಯಾಹ್ನದ ಮೇಲೆ ರಜೆ," ಎಂದರು ಪ್ರಿನ್ಸಿಪಾಲರು.

ದುಃಖದಲ್ಲಿದ್ದ ಸಭೆಯಲ್ಲಿ ಚೀಲಗಳ ಜಿಪ್ ಎಳೆಯುವ ಸದ್ದು ಕೇಳಿತು. ಈಗಲೂ ಬಾಯಿ ಬಿಡದಿದ್ದರೆ ಸತ್ತೇಹೋದಂತೆ ಎಂದು ಹೇರಂಬ ಕೈಯೆತ್ತಿದ. ಆರು ತಿಂಗಳ ಶನಿವಾರಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು.

"ಸಾರ್, ನಾನು ಹೇರಂಬ. ಬ್ಯಾಕೋಡಿನವನು. ಸತ್ತಿಲ್ಲ ಸಾರ್ ನಾನು."

ದನಿ ವೇದಿಕೆ ದಾಟಿ ಗೋಡೆಗೆ ಬಡಿದು ವಾಪಸು ಬಂತು.

"ಗುರುತಿನ ಚೀಟಿ ಎಲ್ಲಿ?"

"ಮೇಡಂ ಹತ್ರ ಇದೆ ಸಾರ್."

ಪ್ರಿನ್ಸಿಪಾಲರು ಸಭೆಯತ್ತ ತಿರುಗಿದರು. "ಈ ಹುಡುಗ ಯಾರಿಗಾದ್ರೂ ಗೊತ್ತಾ?"

ಒಂದು ಕೈಯೂ ಏಳಲಿಲ್ಲ. ಮಯೂರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೋಡಿದ ಹಾಗಿಲ್ಲ ಸಾರ್," ಎಂದ. ರಜೆಯ ಆಸೆಗೆ ಹೇಳಿದನೋ, ನಿಜವಾಗಿಯೂ ಗೊತ್ತಿಲ್ಲವೋ ಹೇರಂಬನಿಗೆ ತಿಳಿಯಲಿಲ್ಲ. ಜ್ವರದ ಚಳಿಗಿಂತ ಅದೇ ಹೆಚ್ಚು ನಡುಗಿಸಿತು.

"ಸತ್ತವರ ಹೆಸರಲ್ಲಿ ತಮಾಷೆ ಮಾಡ್ತೀಯಾ? ಹೋಗಾಚೆ," ಎಂದರು ಪ್ರಿನ್ಸಿಪಾಲರು. "ರಜೆಗೆ ಸಹಿ ಹಾಕಿ ಆಗಿದೆ."

ಹತ್ತೇ ನಿಮಿಷದಲ್ಲಿ ಕಾಲೇಜು ಖಾಲಿಯಾಯಿತು. ಹೇರಂಬ ಬೆಂಚಿನ ಹಾರ ಪಕ್ಕಕ್ಕೆ ಸರಿಸಿ ಕೂತು ಡಬ್ಬಿ ಬಿಚ್ಚಿದ. ಅವಲಕ್ಕಿ, ಉಪ್ಪಿನಕಾಯಿ. ಬೆಂಚು ಕೂರಲು ಚೆನ್ನಾಗಿತ್ತು. ಮಂಜಯ್ಯನ ಕೆಲಸದಲ್ಲಿ ಹೆಸರಿಡುವಂತಿರಲಿಲ್ಲ.

"ಇಲ್ಲಿ ಕೂರ್ಬಹುದಾ?"

ಮೊದಲ ವರ್ಷದ ಹುಡುಗಿ. ಹೇರಂಬ ದಡಬಡಿಸಿ ಸರಿದ. ಅವಳು ಕೂತಳು. ಹೆಸರು ಕಾವ್ಯಾ, ಹೊಸನಗರದ ಕಡೆಯವಳು, ಹಾಸ್ಟೆಲಿನಲ್ಲಿದ್ದಾಳೆ.

"ಇಲ್ಲಿ ನಂಗೆ ಯಾರೂ ಪರಿಚಯ ಇಲ್ಲ," ಎಂದಳು. "ಈ ಹೇರಂಬ ಅನ್ನೋರು ಒಳ್ಳೆಯವ್ರಂತೆ. ಇದ್ದಿದ್ರೆ ಮಾತಾಡಿಸ್ತಿದ್ದೆ. ನಿಮಗೆ ಗೊತ್ತಿದ್ರಾ?"

ಹೇರಂಬ ಹೇಳಲು ಬಾಯಿ ತೆರೆದ.

"ಅಲ್ಲ, ಆ ಹಿಂದೆ ನಿಂತಿದ್ದವನಿಗೆ ಎಂಥ ಧೈರ್ಯ ನೋಡಿ," ಎಂದಳು ಕಾವ್ಯಾ. "ಸತ್ತವ್ರ ಹೆಸರು ಹೇಳ್ಕೊಂಡು ನಾನೇ ಹೇರಂಬ ಅಂದ್ನಲ್ಲ. ಮುಖ ಕಾಣ್ಲಿಲ್ಲ ನಂಗೆ. ಕಂಡಿದ್ರೆ ಎದುರಿಗೇ ಕೇಳ್ತಿದ್ದೆ, ಮನುಷ್ಯತ್ವ ಇಲ್ವಾ ಅಂತ."

ಹೇರಂಬ ಬಾಯಿ ಮುಚ್ಚಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ವನಮಾಲಾ ಮೇಡಂ, ಹೊಸನಗರ ದಾಟಿರಬೇಕು. ಒಂದು ತಾಸಿನ ಹಿಂದೆ ಈ ಫೋನಿಗಾಗಿ ದೇವರಿಗೆ ಹರಕೆ ಹೊತ್ತಿದ್ದ. ಈಗ ಕೆಂಪು ಬಟನ್ ಒತ್ತಿ ಒಳಗಿಟ್ಟ.

"ಬಸ್ಸಲ್ಲಿ ನೋಡಿದ್ದೆ," ಎಂದ. "ಮಾತು ಕಮ್ಮಿ ಅವನದು."

"ಪಾಪ," ಎಂದು ಕಾವ್ಯಾ ಅವನ ಡಬ್ಬಿಗೆ ತನ್ನ ಚಪಾತಿಯೊಂದನ್ನು ಹಾಕಿದಳು. "ಅಂದ ಹಾಗೆ ನಿಮ್ ಹೆಸರೇನು?"

ಎರಡೂವರೆ ವರ್ಷ ಕಾದ ಪ್ರಶ್ನೆ. ತಲೆ ಖಾಲಿಯಾಯಿತು. ಆ ಗಳಿಗೆಯಲ್ಲಿ ನೆನಪಿಗೆ ಬಂದದ್ದು ಒಂದೇ ಹೆಸರು. ಅದನ್ನೇ, ಮೇಡಂ ಕಲಿಸಿದ ಹಾಗೆ, ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳಿದ:

"ಮಂಜಯ್ಯ."

"ಹಳೇ ಕಾಲದ ಹೆಸರು. ಚೆನ್ನಾಗಿದೆ." ಅವಳು ನಕ್ಕಳು. "ನಾಳೆನೂ ಊಟಕ್ಕೆ ಇಲ್ಲೇ ಬರ್ತೀರಾ?"

"ಬರ್ತೀನಿ," ಎಂದ ಮಂಜಯ್ಯ.